ದಫ್ತರಿನಲ್ಲಿ ಇಲ್ಲದ ಅಂಕಣ

ಕಾದಂಬರಿಕಾರ ಆರ್.ಕೆ. ನಾರಾಯಣ್ ಯಾದವಗಿರಿಯಲ್ಲಿ ಸ್ವಂತ ಮನೆ ಕಟ್ಟಿಕೊಳ್ಳುವ ಮುಂಚೆ ಅವರ ಕುಟುಂಬ ಇದ್ದದ್ದು ಮೈಸೂರಿನ ಲಕ್ಷ್ಮೀಪುರಂನಲ್ಲಿ. 1939ರಲ್ಲಿ ಅವರ ಪತ್ನಿ ರಾಜಂ ವಿಷಮಶೀತ ಜ್ವರ ಬಂದು ತೀರಿಕೊಂಡರು. ಮಗಳು ಇನ್ನೂ ಚಿಕ್ಕವಳು. ಆ ಜ್ವರಕ್ಕೆ ಮದ್ದು ಎನ್ನಬಹುದಾದ ಕ್ಲೋರಾಂಫೆನಿಕಾಲ್ ಬಂದದ್ದು ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿ ಇದ್ದದ್ದು ಕಡಿಮೆ, ಶುಶ್ರೂಷೆ ಮಾಡುವವರ ಕೈಯಲ್ಲಿ ಇದ್ದದ್ದೇ ಹೆಚ್ಚು: ಹಣೆಗೆ ತಣ್ಣೀರು ಪಟ್ಟಿ, ಗಂಜಿಯ ತಿಳಿ, ಗಳಿಗೆಗೊಮ್ಮೆ ಥರ್ಮಾಮೀಟರು, ಹಾಳೆಯ ಮೇಲೆ ಏರಿಳಿಯುವ ಜ್ವರದ ಗೆರೆ.

ಇವತ್ತು ಅದೇ ಬೀದಿಗಳಲ್ಲಿ ಜನ ಹೆದರುವ ಕಾಯಿಲೆ ಬೇರೆ. ‘ನಮ್ಮ ಮನೆಯವರಿಗೆ ಶುಗರ್ ಇದೆ’ ಎಂಬ ಮಾತು ಕೇಳದ ಮನೆ ಲಕ್ಷ್ಮೀಪುರಂನಲ್ಲೂ ಕಡಿಮೆ, ಪಕ್ಕದ ಅಗ್ರಹಾರ, ಚಾಮರಾಜಪುರಂ, ಕೃಷ್ಣಮೂರ್ತಿಪುರಂಗಳಲ್ಲೂ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಕೊಡಲು ಹೋಗುವುದು ಮನೆಮನೆಯ ದಿನಚರಿಗೆ ಸೇರಿಹೋಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ಜ್ವರದಿಂದ ಸಕ್ಕರೆಗೆ ಬಂದ ಈ ಹಾದಿಯನ್ನು ಔಷಧಿಗಳ ಹೆಸರು ಹಿಡಿದು, ವೈದ್ಯರ ಹೆಸರು ಹಿಡಿದು ಹೇಳುವುದು ವಾಡಿಕೆ. ನರ್ಸ್‌ಗಳ ಕೈಬರಹ ಹಿಡಿದು ಹೇಳಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಅವರಿಗೆ ಯಾವ ಅಂಕಣ ಕೊಟ್ಟರೋ ಅದನ್ನು ತುಂಬಿದರು. ಕೊಡದ ಅಂಕಣದಲ್ಲಿ ಇರಬೇಕಾಗಿದ್ದ ಸತ್ಯ ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಇದಕ್ಕೆ ಮೈಸೂರಿನಲ್ಲಿರುವಷ್ಟು ಒಳ್ಳೆಯ ಸಾಕ್ಷಿ ಲೋಕದಲ್ಲಿ ಬೇರೆ ಕಡೆ ಸಿಗುವುದು ಅಪರೂಪ.

ಸಾಕ್ಷಿ ಇರುವುದು ಮಂಡಿ ಮೊಹಲ್ಲಾದ ಸಾಡೆ ರಸ್ತೆಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಿಷನರಿ ಮಹಿಳೆಯ ನೆನಪಿಗೆ ವೆಸ್ಲಿಯನ್ ಮಿಷನ್‌ನವರು 1906ರಲ್ಲಿ ಹೆಂಗಸರಿಗೆ, ಮಕ್ಕಳಿಗೆ ಎಂದು ತೆರೆದ ಆಸ್ಪತ್ರೆ ಅದು. ಪ್ಲೇಗ್ ಬಂದು ಹೋದ ಗಾಯ ಇನ್ನೂ ಆರದ, ನಗರ ಸುಧಾರಣಾ ಮಂಡಳಿ ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ ಹಾಕುತ್ತಿದ್ದ ಕಾಲ. ಹೆರಿಗೆ ಎಂದರೆ ಮನೆಯ ಕತ್ತಲೆ ಕೋಣೆ, ಸೂಲಗಿತ್ತಿ, ದೇವರ ಮೇಲೆ ಭಾರ ಎಂದಿದ್ದ ಊರಿನಲ್ಲಿ ಹೆಂಗಸರು ಆಸ್ಪತ್ರೆಯ ಮಂಚ ಹತ್ತಲು ಒಪ್ಪಿದ್ದೇ ದೊಡ್ಡ ಬದಲಾವಣೆ. ಹಾಗೆ ಒಪ್ಪಿಸಿದವರಲ್ಲಿ ನರ್ಸಮ್ಮಂದಿರ ಪಾಲು ದೊಡ್ಡದು.

1934ರಿಂದ ಈ ಆಸ್ಪತ್ರೆಯ ಹೆರಿಗೆ ದಫ್ತರುಗಳು ಉಳಿದು ಬಂದಿವೆ. ಮಗು ಹುಟ್ಟಿದ ಕೂಡಲೆ ಅದನ್ನು ತೂಗಿ ತೂಕ ಬರೆದರು. ನೆತ್ತಿಯಿಂದ ಹಿಮ್ಮಡಿವರೆಗೆ ಅಳೆದು ಉದ್ದ ಬರೆದರು. ತಲೆಯ ಸುತ್ತಳತೆ ಬರೆದರು. ತಾಯಿಯ ತೂಕ, ಆಕೆಯ ಸೊಂಟದ ಮೂಳೆಯ ಹೊರ ಅಳತೆಗಳನ್ನೂ ಬರೆದರು. ಸೊಂಟದ ಅಳತೆಗೆ ಕಾರಣ ಸರಳ: ಇಕ್ಕಟ್ಟಾದ ಸೊಂಟದ ತಾಯಿಗೆ ಹೆರಿಗೆ ಕಷ್ಟ, ಅದು ಮೊದಲೇ ಗೊತ್ತಾದರೆ ಎರಡು ಜೀವ ಉಳಿದೀತು. ಅಂದರೆ ಆ ಅಂಕಣಗಳೆಲ್ಲ ಅವತ್ತಿನ ಕೆಲಸಕ್ಕೆ ಬೇಕಾದವು. ಮುಂದೊಂದು ಕಾಲದಲ್ಲಿ ಯಾರೋ ಅದನ್ನು ತೆರೆದು ನೋಡುತ್ತಾರೆ ಎಂದು ಬರೆದದ್ದಲ್ಲ. ರಾತ್ರಿ ಪಾಳಿಯ ಹೆರಿಗೆಯಿರಲಿ, ಹಗಲಿನದಿರಲಿ, ಅಳತೆ ತಪ್ಪಲಿಲ್ಲ. ಬರೆದವರ ಹೆಸರು ಯಾವ ಪ್ರಬಂಧದ ತಲೆಬರಹದಲ್ಲೂ ಇಲ್ಲ.

ಆ ದಫ್ತರಿನಲ್ಲಿ ಇಲ್ಲದ ಅಂಕಣವೊಂದಿತ್ತು. ತಾಯಿಯ ಸಕ್ಕರೆ.

ಇಲ್ಲದಿದ್ದುದಕ್ಕೆ ನರ್ಸ್‌ಗಳನ್ನು ದೂರುವಂತಿಲ್ಲ. ಆ ಕಾಲದಲ್ಲಿ ಸಕ್ಕರೆ ಅಳೆಯುವುದೆಂದರೆ ಮೂತ್ರ ಕುದಿಸುವುದು. ಅಮೆರಿಕದ ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೆಯ ಶತಮಾನದ ಮೊದಲ ದಶಕದ ಕೊನೆಗೆ ರೂಪಿಸಿದ ನೀಲಿ ದ್ರಾವಣ ಜಗತ್ತಿನ ಎಲ್ಲ ವಾರ್ಡುಗಳಿಗೂ ತಲುಪಿತ್ತು. ಪ್ರನಾಳದಲ್ಲಿ ಐದು ಮಿಲಿಲೀಟರ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿಸಿ ಆರಿಸಿದಾಗ ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಒಂದು ಪ್ಲಸ್, ಹಳದಿಗೆ ಎರಡು, ಕಿತ್ತಳೆಗೆ ಮೂರು, ಇಟ್ಟಿಗೆಯ ಕೆಂಪಿಗೆ ನಾಲ್ಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪ್ರನಾಳ ಮತ್ತು ದೀಪ ಶತಮಾನದ ಕೊನೆಯ ದಶಕಗಳವರೆಗೂ ಉಳಿದಿದ್ದವು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದು ಕೃಷ್ಣರಾಜೇಂದ್ರ ಆಸ್ಪತ್ರೆಯ ಜೊತೆ ಬೆಸೆದುಕೊಂಡ ಮೇಲೆ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು, ನರ್ಸ್‌ಗಳು ಕಲಿತ ಪಾಠವೇ ಅದು.

ಬಣ್ಣ ಓದುವುದು ಕೇಳಿದಷ್ಟು ಸುಲಭವಲ್ಲ. ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದು ರಕ್ತದಲ್ಲಿ ಅದು ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ. ಗರ್ಭಿಣಿಯರಲ್ಲಿ ಈ ಮಿತಿಯೇ ಏರುಪೇರು. ಕಾಯಿಲೆ ಇಲ್ಲದವರಲ್ಲೂ ಮೂತ್ರ ಹಸಿರಾಗುತ್ತದೆ, ಇರುವವರಲ್ಲಿ ನೀಲಿಯಾಗಿಯೇ ಉಳಿಯುವುದೂ ಉಂಟು. ಮೂತ್ರಕೋಶದಲ್ಲಿ ಗಂಟೆಗಟ್ಟಲೆ ಕೂಡಿದ್ದ ಮೂತ್ರ ಹೇಳುವುದು ಹಿಂದಿನ ಕಥೆಯನ್ನು, ಈಗಿನದನ್ನಲ್ಲ. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿದ್ದರಂತೂ ಪ್ರನಾಳ ಏನನ್ನೂ ಹೇಳದು. ಆ ಅಪಾಯವನ್ನು ಹಿಡಿಯಬೇಕಾದದ್ದು ನರ್ಸ್‌ನ ಕಣ್ಣು: ಹಣೆಯ ಮೇಲಿನ ತಣ್ಣನೆ ಬೆವರು, ನಡುಗುವ ಬೆರಳು, ತೊದಲುವ ಮಾತು, ಸುಮ್ಮಸುಮ್ಮನೆ ಸಿಡುಕುವ ರೋಗಿ. ಬಣ್ಣ ನೋಡಿ ಇನ್ಸುಲಿನ್‌ನ ಪ್ರಮಾಣ ಏರಿಸುವ, ಇಳಿಸುವ ಪದ್ಧತಿಯಲ್ಲಿ ಎಷ್ಟೋ ಜನ ಬದುಕಿ ಉಳಿದದ್ದು ಆ ಕಣ್ಣುಗಳಿಂದ.

ಇನ್ಸುಲಿನ್ ಮನುಷ್ಯನ ಮೈಗೆ ಮೊದಲು ಸೇರಿದ್ದು 1922ರ ಜನವರಿ 11ರಂದು, ಕೆನಡಾದ ಟೊರಾಂಟೊದಲ್ಲಿ, 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ. ಅದರೊಂದಿಗೆ ನರ್ಸ್‌ಗಳ ಪಾಲಿಗೆ ಬಂದದ್ದು ಗಾಜಿನ ಸಿರಿಂಜು, ಕುದಿಯುವ ನೀರಿನ ಪಾತ್ರೆ, ಮೊಂಡಾದಾಗ ಕಲ್ಲಿಗೆ ಮಸೆದು ಚೂಪು ಮಾಡಬೇಕಾದ ಸೂಜಿ, ಮತ್ತು ಲೆಕ್ಕ. ಇನ್ಸುಲಿನ್ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತಿತ್ತು. ಹಲವು ದೇಶಗಳು ಮಿಲಿಲೀಟರಿಗೆ 100 ಯೂನಿಟ್ ಎಂಬ ಒಂದೇ ಅಳತೆಗೆ ಬಂದ ಮೇಲೂ ಭಾರತದ ಬಾಟಲಿಗಳಲ್ಲಿ 40 ಯೂನಿಟ್ ಉಳಿದುಕೊಂಡಿತು, ಇಂದಿಗೂ ಉಳಿದಿದೆ. ಪೆನ್‌ಗಳಲ್ಲಿ ಮತ್ತು ಕೆಲವು ಬಾಟಲಿಗಳಲ್ಲಿ 100. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರುತ್ತದೆ, ಇಲ್ಲವೆ ಅಷ್ಟೇ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ತಂತ್ರಜ್ಞಾನ ಎಂದಾಗ ಜನರ ಮನಸ್ಸಿಗೆ ಮೊಬೈಲು ಬರುತ್ತದೆ. ಈ ಮುಚ್ಚಳದ ಬಣ್ಣವನ್ನು ಮನೆಯವರಿಗೆ ಅರ್ಥ ಮಾಡಿಸಿ ಕಳಿಸುವ ನರ್ಸ್‌ನ ಐದು ನಿಮಿಷ ಯಾವ ಮೊಬೈಲಿಗಿಂತಲೂ ಕಡಿಮೆಯದಲ್ಲ.

ಆ ಐದು ನಿಮಿಷಕ್ಕೆ ಬೆಲೆ ಇದೆ ಎಂದು ಬೇಗ ಕಂಡುಕೊಂಡವರಲ್ಲಿ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದ ಡಾ. ಜೋನ್ ವಾಕರ್ ಒಬ್ಬರು. 1950ರ ಆಸುಪಾಸಿನಲ್ಲಿ ಅವರು ಸಕ್ಕರೆ ಕಾಯಿಲೆಗೆಂದೇ ಆರೋಗ್ಯ ಸಂದರ್ಶಕಿಯರನ್ನು ರೋಗಿಗಳ ಮನೆಗೆ ಕಳಿಸತೊಡಗಿದರು. ‘ಡಯಾಬಿಟಿಸ್ ನರ್ಸ್’ ಎಂಬ ವೃತ್ತಿ ಮೊಳೆತದ್ದು ಅಲ್ಲಿ.

ಬಣ್ಣ ಅಂಕಿಯಾದದ್ದು ಅದಾದ ಮೇಲೆ. 1950ರ ದಶಕದಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಬಂತು, 1960ರ ದಶಕದ ಮಧ್ಯದಲ್ಲಿ ರಕ್ತದ ಪಟ್ಟಿ ಬಂತು. ದೊಡ್ಡದೊಂದು ತೊಟ್ಟು ರಕ್ತ ಹಾಕಿ, ಸರಿಯಾಗಿ ಒಂದು ನಿಮಿಷ ಎಣಿಸಿ, ನೀರಿನಿಂದ ತೊಳೆದು, ಬಣ್ಣದ ಚಾರ್ಟಿನ ಪಕ್ಕ ಹಿಡಿದು ನೋಡಬೇಕು. ಆ ಬಣ್ಣವನ್ನು ಮನುಷ್ಯನ ಕಣ್ಣಿನ ಬದಲು ಯಂತ್ರ ಓದಲಿ ಎಂದು ಅಮೆರಿಕದ ಏಮ್ಸ್ ಕಂಪನಿ 1970ರ ಹೊತ್ತಿಗೆ ಮೊದಲ ಮೀಟರನ್ನು ಮಾರುಕಟ್ಟೆಗೆ ತಂದಿತು. ತೂಕ ಒಂದು ಕಿಲೋ ಆಸುಪಾಸು, ಬೆಲೆ ಸುಮಾರು 500 ಡಾಲರ್, ಮಾರಾಟ ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ ಮಾತ್ರ. ರಾತ್ರಿ ಪ್ರಯೋಗಾಲಯ ಮುಚ್ಚಿರುವಾಗ ಎಚ್ಚರ ತಪ್ಪಿ ಬಂದವರು ಕುಡಿದು ಬಿದ್ದವರೋ ಸಕ್ಕರೆ ಏರುಪೇರಾದವರೋ ಎಂದು ತುರ್ತು ವಿಭಾಗದಲ್ಲಿ ತಿಳಿಯಲಿ ಎಂಬುದು ಅದರ ಉದ್ದೇಶ. ಬಾಲ್ಯದಿಂದ ಸಕ್ಕರೆ ಕಾಯಿಲೆಯಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರ್ ಅದನ್ನು ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ತರಿಸಿಕೊಂಡು, ದಿನಕ್ಕೆ ಹಲವು ಸಲ ತನ್ನದೇ ರಕ್ತ ನೋಡಿಕೊಂಡು, ಮನೆಯಲ್ಲೇ ಅಳೆಯಬಹುದೆಂದು ತೋರಿಸಿದ. ವೈದ್ಯಲೋಕ ಕಿವಿಗೊಡದಿದ್ದಾಗ ತಾನೇ ಮೆಡಿಕಲ್ ಓದಿ ವೈದ್ಯನಾದ. ಅಂಗೈಗೆ ಹಿಡಿಯುವ ಗ್ಲೂಕೋಮೀಟರು ಭಾರತದ ಮಧ್ಯಮ ವರ್ಗದ ಮನೆಗಳಿಗೆ ಬರುವ ಹೊತ್ತಿಗೆ ಶತಮಾನವೇ ಮಗ್ಗುಲು ಬದಲಿಸುತ್ತಿತ್ತು.

ಇಷ್ಟರಲ್ಲಿ ಮಿಷನ್ ಆಸ್ಪತ್ರೆಯ ದಫ್ತರಿಗೆ ಮರುಹುಟ್ಟು ಬಂತು.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ಸಾಂಕ್ರಾಮಿಕಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟಿದ್ದರು: ನಡುವಯಸ್ಸಿನಲ್ಲಿ ಬರುವ ಹೃದ್ರೋಗ, ಸಕ್ಕರೆ ಕಾಯಿಲೆಗಳ ಬೇರು ತಾಯಿಯ ಗರ್ಭದಲ್ಲೇ ಇರಬಹುದು. ಅದನ್ನು ಪರೀಕ್ಷಿಸಲು ಬೇಕಾದದ್ದು ಐವತ್ತು ಅರವತ್ತು ವರ್ಷ ಹಿಂದೆ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ಪುಸ್ತಕ. ಇಂಗ್ಲೆಂಡಿನಲ್ಲಿ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಸೂಲಗಿತ್ತಿಯರ ದಾಖಲೆಗಳು ಸಿಕ್ಕಿದ್ದವು. ಭಾರತದಲ್ಲಿ? ಬಾರ್ಕರ್ ಅವರ ಸಹೋದ್ಯೋಗಿ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರಿಗೆ ಅದು ಮೈಸೂರಿನಲ್ಲಿ ದೊರೆಯಿತು. 1990ರ ದಶಕದ ಮೊದಲರ್ಧದಲ್ಲಿ ಆಸ್ಪತ್ರೆಯ ಸುತ್ತಮುತ್ತಲ ಮನೆಗಳ ಬಾಗಿಲು ತಟ್ಟಿ, ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲೇ ಇರುವವರನ್ನು ಹುಡುಕಿದರು. ಹುಟ್ಟಿದ ಗಳಿಗೆಯಲ್ಲಿ ಮಗುವಿಗೆ ಹೆಸರಿರುವುದಿಲ್ಲ, ದಫ್ತರಿನಲ್ಲಿ ಇರುವುದು ಹೆತ್ತವರ ಗುರುತು ಮತ್ತು ದಿನ. ಅದನ್ನು ಹಿಡಿದು ನಡುವಯಸ್ಸಿನ ಒಬ್ಬೊಬ್ಬರನ್ನೂ ಅವರ ಮೊದಲ ದಿನದ ತೂಕಕ್ಕೆ ಜೋಡಿಸುತ್ತ ಹೋದರು.

1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಮೊದಲ ಫಲಿತಾಂಶ 517 ಜನರದು. ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿತ್ತು. ಏಳು ಪೌಂಡ್ ಮೇಲ್ಪಟ್ಟವರಲ್ಲಿ ನೂರಕ್ಕೆ 3. ಬಾರ್ಕರ್ ವಾದಕ್ಕೆ ಇದು ಸರಿಹೊಂದಿತು. ಎರಡು ವರ್ಷದ ಮೇಲೆ ಸಕ್ಕರೆ ಕಾಯಿಲೆಯ ಫಲಿತಾಂಶ ಬಂದಾಗ ಎಣಿಕೆ ತಿರುವು ಪಡೆಯಿತು. 39ರಿಂದ 60 ವರ್ಷದೊಳಗಿನ 506 ಜನರನ್ನು ಪರೀಕ್ಷಿಸಿದರೆ, ಕಾಯಿಲೆ ಹೆಚ್ಚಾಗಿದ್ದದ್ದು ಸಣ್ಣ ತೂಕದ ಮಕ್ಕಳಲ್ಲಲ್ಲ. ಉದ್ದಕ್ಕೆ ಹೋಲಿಸಿದರೆ ದುಂಡಗೆ, ಗಿಡ್ಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚು, ಸೊಂಟದ ಅಳತೆಯೂ ಹೆಚ್ಚು. ಹೆರಿಗೆ ಸುಸೂತ್ರವಾಗಲಿ ಎಂದು ನರ್ಸ್‌ಗಳು ಬರೆದಿಟ್ಟ ಸೊಂಟದ ಅಳತೆ ಅರವತ್ತು ವರ್ಷದ ಮೇಲೆ ಹೀಗೆ ಮಾತಾಡಿತು.

ಏಕೆ ಹೀಗೆ? ಸಂಶೋಧಕರ ಊಹೆ ಒಂದೇ ಕಡೆ ಬೆರಳು ಮಾಡಿತು: ಆ ತಾಯಂದಿರಲ್ಲಿ ಕೆಲವರಿಗೆ ಬಸಿರಿನಲ್ಲೇ ಸಕ್ಕರೆ ಏರಿದ್ದಿರಬೇಕು, ಅದು ಯಾರಿಗೂ ಗೊತ್ತಾಗದೆ ಹೋಗಿರಬೇಕು. ತಾಯಿಯ ರಕ್ತದ ಹೆಚ್ಚಿನ ಸಕ್ಕರೆ ಮಗುವಿಗೂ ಹರಿಯುತ್ತದೆ, ಮಗುವಿನ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಆ ಇನ್ಸುಲಿನ್ ಮಗುವಿನ ಮೈಗೆ ಕೊಬ್ಬು ಸೇರಿಸುತ್ತದೆ. ಊಹೆಯನ್ನು ಹಳೆಯ ದಫ್ತರಿನಿಂದ ಸಾಬೀತು ಮಾಡುವುದು ಸಾಧ್ಯವಿರಲಿಲ್ಲ. ಬೇಕಾದ ಅಂಕಣವೇ ಅದರಲ್ಲಿ ಇರಲಿಲ್ಲ.

ಅದನ್ನು ತುಂಬಲೆಂದೇ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮುಂತಾದ ಮೈಸೂರಿನ ವೈದ್ಯರ ತಂಡ, ಸೌತಾಂಪ್ಟನ್‌ನ ಜೊತೆಗಾರಿಕೆ. ಬಸುರಿ ಪರೀಕ್ಷೆಗೆ ಬಂದ 830 ಮಹಿಳೆಯರಿಗೆ ಏಳು ತಿಂಗಳ ಹೊತ್ತಿಗೆ ಗ್ಲೂಕೋಸ್ ಕುಡಿಸಿ, ಗಂಟೆಗಂಟೆಗೆ ರಕ್ತ ತೆಗೆದು ನೋಡಲಾಯಿತು. ನೂರಕ್ಕೆ 6ಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಸಿಕ್ಕಿತು. ಐದು ವರ್ಷದ ಮೇಲೆ ಅದೇ ತಾಯಂದಿರನ್ನು ಮತ್ತೆ ಕರೆದಾಗ ಸಿಕ್ಕ ಉತ್ತರ ಯಾವ ಹಳೆಯ ದಫ್ತರೂ ಹೇಳಲಾರದಂಥದ್ದು: ಬಸಿರಿನಲ್ಲಿ ಸಕ್ಕರೆ ಏರಿದ್ದವರ ಪೈಕಿ ನೂರಕ್ಕೆ 37 ಜನ ಅಷ್ಟರಲ್ಲಿ ಪೂರ್ಣ ಸಕ್ಕರೆ ಕಾಯಿಲೆಗೆ ಬಿದ್ದಿದ್ದರು; ಉಳಿದವರಲ್ಲಿ ನೂರಕ್ಕೆ 2. ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳು ಐದನೆಯ ವಯಸ್ಸಿಗೇ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬು ಹೊತ್ತಿದ್ದರು. ತೂಕ ಕಡಿಮೆಯಿದ್ದರೂ ಮೈಸೂರಿನ ಹಸುಗೂಸಿನ ಬೆನ್ನಿನ ಮೇಲೆ ಚರ್ಮದ ಕೆಳಗಿನ ಕೊಬ್ಬು ಇಂಗ್ಲೆಂಡಿನ ಕೂಸಿನಷ್ಟೇ ಇರುತ್ತದೆ ಎಂಬುದೂ ಇದೇ ಅಧ್ಯಯನದಿಂದ ಗೊತ್ತಾಯಿತು.

ಹಳೆಯ ದಫ್ತರಿನ ಬರಹ ಕಂಪ್ಯೂಟರಿಗೆ ಇಳಿದದ್ದು ಈ ಅವಧಿಯಲ್ಲೇ. ಮಾಸಿದ ಶಾಯಿಯ ಅಂಕಿಗಳು ದತ್ತಾಂಶವಾದವು. ಅವನ್ನೇ ಅಡಿಪಾಯ ಮಾಡಿಕೊಂಡು 2013ರಿಂದೀಚೆಗೆ ‘ಮೈನಾ’ ಎಂಬ ಹೆಸರಿನ ಇನ್ನೊಂದು ಅಧ್ಯಯನ ಆ ಹಳೆಯ ಶಿಶುಗಳ ಮುಪ್ಪಿನ ಮೆದುಳು, ನೆನಪಿನ ಶಕ್ತಿಗಳನ್ನು ಪರೀಕ್ಷಿಸಿತು. ಹುಟ್ಟಿದ ದಿನ ನರ್ಸಮ್ಮ ಹಿಡಿದ ಟೇಪು ಎಂಬತ್ತರ ಅಂಚಿನ ಮನುಷ್ಯನನ್ನೂ ಹಿಂಬಾಲಿಸಿತು.

ರೋಗಿಯ ಪಕ್ಕದಲ್ಲೇ ಕುಳಿತು ನರ್ಸ್ ಕಂಪ್ಯೂಟರಿಗೆ ಬರೆಯುವ ಕಾಲ ಮಾತ್ರ ಬೇರೆ ದಾರಿಯಿಂದ ಬಂತು. ಇಸ್ರೋ ಉಪಗ್ರಹದ ನೆರವಿನಿಂದ 2002ರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದಾಗ ಮೈಸೂರು ಸೀಮೆ ಟೆಲಿಮೆಡಿಸಿನ್ ಕಂಡಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಸರ್ಕಾರಿ ಕೇಂದ್ರದಲ್ಲೇ ನೋಡಿಕೊಳ್ಳಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು; ಅದರ ಮುನ್ನೋಟದ ಪ್ರಯೋಗ 2008ರಲ್ಲಿ ನಡೆದ ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು. ಇದರಿಂದ ತಾಲ್ಲೂಕು ಮಟ್ಟಕ್ಕೆ ಹೊಸ ಹುದ್ದೆಯೊಂದು ಬಂತು: ಎನ್‌ಸಿಡಿ ನರ್ಸ್. ಅಸಾಂಕ್ರಾಮಿಕ ಕಾಯಿಲೆಗಳಿಗೆಂದೇ ಕೂತ ಸಿಸ್ಟರ್.

ಆಕೆಯ ಕೈಗೆ ಟ್ಯಾಬ್ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯಲ್ಲಿ ಕರ್ನಾಟಕದ ಪಾಲಿದೆ. ಹಿಮಾಚಲದ ಸೋಲನ್‌ನಲ್ಲಿ ನಡೆದ ಸಣ್ಣ ಪ್ರಯೋಗವೊಂದು ಆಸೆ ಹುಟ್ಟಿಸಿದ ಮೇಲೆ, ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನದ ಡಾ. ಡಿ. ಪ್ರಭಾಕರನ್ ಮತ್ತು ಸಂಗಡಿಗರು ಹರಿಯಾಣ ಹಾಗೂ ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ 3,698 ರೋಗಿಗಳೊಂದಿಗೆ ‘ಎಂವೆಲ್‌ಕೇರ್’ ಎಂಬ ವ್ಯವಸ್ಥೆಯನ್ನು ಪರೀಕ್ಷೆಗೆ ಒಡ್ಡಿದರು. ರೋಗಿ ಬಂದ ಕೂಡಲೆ ನರ್ಸ್ ರಕ್ತದೊತ್ತಡ, ಸಕ್ಕರೆ ಅಳೆದು ಟ್ಯಾಬಿಗೆ ಹಾಕುತ್ತಾಳೆ. ತಂಬಾಕು, ಕುಡಿತ, ಮನಸ್ಸಿನ ಖಿನ್ನತೆಯ ಬಗೆಗೂ ಕೇಳಿ ಬರೆಯುತ್ತಾಳೆ. ಟ್ಯಾಬ್ ಲೆಕ್ಕ ಹಾಕಿ ಯಾವ ಔಷಧಿ, ಎಷ್ಟು ಎಂಬ ಸಲಹೆ ಕೊಡುತ್ತದೆ. ನರ್ಸ್ ಅದನ್ನು ವೈದ್ಯರ ಮುಂದೆ ಇಡುತ್ತಾಳೆ. ಮುಂದಿನ ಭೇಟಿಯ ನೆನಪಿಗೆ ರೋಗಿಯ ಮೊಬೈಲಿಗೆ ಸಂದೇಶ ಹೋಗುತ್ತದೆ. ಅರ್ಧದಷ್ಟು ಕೇಂದ್ರಗಳಿಗೆ ಟ್ಯಾಬ್. ಉಳಿದವಕ್ಕೆ ಟ್ಯಾಬ್ ಇಲ್ಲ, ಆದರೆ ಸಿಬ್ಬಂದಿಗೆ ತರಬೇತಿ ಇತ್ತು.

2019ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷ ಕಳೆಯುವುದರಲ್ಲಿ ಟ್ಯಾಬ್ ಇದ್ದ ಕಡೆಯೂ ಒತ್ತಡ, ಸಕ್ಕರೆ ಇಳಿದಿದ್ದವು. ಇಲ್ಲದ ಕಡೆಯೂ ಇಳಿದಿದ್ದವು. ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಲವರು ಇದನ್ನು ತಂತ್ರಜ್ಞಾನದ ಸೋಲು ಎಂದು ಓದಿದರು. ಆ ಓದು ಪೂರ್ತಿ ಸರಿಯಲ್ಲ. ಎರಡೂ ಕಡೆ ಇದ್ದದ್ದು ಏನು? ಸಕ್ಕರೆ, ಒತ್ತಡಗಳಿಗೆಂದೇ ಗಮನ ಕೊಡುವ, ತರಬೇತಿ ಪಡೆದ ಸಿಬ್ಬಂದಿ; ರೋಗಿಯನ್ನು ಹೆಸರು ಹಿಡಿದು ಕರೆಯುವ, ಅಳೆಯುವ, ಮಾತಾಡಿಸುವ, ಮತ್ತೆ ಬಾ ಎನ್ನುವ ಒಬ್ಬಳು ಸಿಸ್ಟರ್. ಅಂಥವಳು ಇಲ್ಲದ ಕೇಂದ್ರದೊಂದಿಗೆ ಹೋಲಿಕೆ ನಡೆದಿರಲೇ ಇಲ್ಲ. ತಂತ್ರಜ್ಞಾನವನ್ನು ಅಂಥ ಒಬ್ಬರ ಜೊತೆ ಸೇರಿಸಿ, ಅವರಿಗೆ ರೋಗಿಗಳನ್ನು ಹಿಂಬಾಲಿಸುವ ಹೊಣೆಯನ್ನೂ ಸಮಯವನ್ನೂ ಕೊಟ್ಟ ಕಡೆ ಫಲ ಸಿಕ್ಕಿದೆ. ದೆಹಲಿ, ಚೆನ್ನೈ, ವಿಶಾಖಪಟ್ಟಣಗಳ ಜೊತೆ ಬೆಂಗಳೂರಿನ ಡಯಾಕಾನ್ ಆಸ್ಪತ್ರೆಯಲ್ಲೂ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೆ ಉದಾಹರಣೆ. ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಜನರಲ್ಲಿ, ಆರೈಕೆ ಸಂಯೋಜಕರೂ ಕಂಪ್ಯೂಟರ್ ಸಲಹೆಯೂ ಸಿಕ್ಕವರು ಎರಡು ವರ್ಷದ ಮೇಲೂ ಉಳಿದವರಿಗಿಂತ ಮುಂದಿದ್ದರು.

ಮಿಷನ್ ಆಸ್ಪತ್ರೆಯ ದಫ್ತರಿಗೂ ಇಂದಿನ ಟ್ಯಾಬಿಗೂ ಹೋಲಿಕೆ ಮಾಡಬೇಕಾದ ಜಾಗ ಇದು. 1934ರ ನರ್ಸ್ ಬರೆದ ಅಂಕಿ ಆಕೆಗೇ ಬೇಕಿತ್ತು, ಎದುರಿಗಿದ್ದ ತಾಯಿಗೆ ಬೇಕಿತ್ತು. ಇಂದು ನರ್ಸ್ ತುಂಬುವ ಎಷ್ಟೋ ಅಂಕಣಗಳು ಮೇಲಿನ ಕಚೇರಿಗೆ ಬೇಕಾದವು; ಆಕೆಗೆ, ಆಕೆಯ ರೋಗಿಗೆ ಅವು ಹಿಂದಿರುಗಿ ಬರುವುದು ಅಪರೂಪ. 2018ರಲ್ಲಿ ಟಾಟಾ ಟ್ರಸ್ಟ್ಸ್ ಮತ್ತು ಡೆಲ್ ನೆರವಿನಿಂದ ಬಂದ ಎನ್‌ಸಿಡಿ ತಂತ್ರಾಂಶ 30 ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕ ಕೇಳುತ್ತದೆ. ಆಶಾ ಕಾರ್ಯಕರ್ತೆ ಮನೆಯಲ್ಲಿ ಪ್ರಶ್ನಾವಳಿ ತುಂಬುತ್ತಾಳೆ. ಹಿಂದೆ ಎಎನ್‌ಎಂ ಎನಿಸಿಕೊಂಡಿದ್ದ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನಿಸಿಕೊಂಡ ಕಿರಿಯ ಆರೋಗ್ಯ ಸಹಾಯಕಿ ಬೆರಳು ಚುಚ್ಚಿ ನೋಡುತ್ತಾಳೆ. ನರ್ಸಿಂಗ್ ಪದವಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿ ಉಪಕೇಂದ್ರದಲ್ಲಿ ಕೂತು ಇ-ಸಂಜೀವಿನಿಯಲ್ಲಿ ದೂರದ ವೈದ್ಯರನ್ನು ತೆರೆಯ ಮೇಲೆ ಕರೆಯುತ್ತಾಳೆ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಕಾಗದಕ್ಕೆ ಬರೆದುಕೊಂಡು ಬಂದು ರಾತ್ರಿ ಮನೆಯಲ್ಲಿ ಮತ್ತೆ ತುಂಬುವುದೂ ಇದೆ. ರಿಜಿಸ್ಟರೂ ಬೇಕು, ಆ್ಯಪೂ ಬೇಕು ಎಂಬ ಪಟ್ಟು ಬಿಟ್ಟುಹೋಗಿಲ್ಲ. ಒಂದೇ ಮನುಷ್ಯನ ಹೆಸರು, ವಯಸ್ಸು, ವಿಳಾಸಗಳನ್ನು ಬೇರೆ ಬೇರೆ ತಂತ್ರಾಂಶಗಳಲ್ಲಿ ಮತ್ತೆ ಮತ್ತೆ ಬರೆಯಿಸುವುದು ರೋಗಿಯ ಪಾಲಿನ ಸಮಯವನ್ನು ಕಸಿದುಕೊಳ್ಳುವುದೇ.

ಬೇರೆ ಬಗೆ ಸಾಧ್ಯವಿಲ್ಲವೆಂದಲ್ಲ. ರಕ್ತದೊತ್ತಡದ ಕಾರ್ಯಕ್ರಮಕ್ಕೆಂದು ಹುಟ್ಟಿ ಸಕ್ಕರೆಯ ಲೆಕ್ಕವನ್ನೂ ಸೇರಿಸಿಕೊಂಡ ‘ಸಿಂಪಲ್’ ಎಂಬ ತಂತ್ರಾಂಶದ ವಿನ್ಯಾಸ, ರಚನೆಯ ಬಹುಪಾಲು ಕೆಲಸ ನಡೆದದ್ದು ಬೆಂಗಳೂರಿನಲ್ಲೇ. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ನಿಂತು ನರ್ಸ್‌ಗಳು ಹೇಗೆ ಕೆಲಸ ಮಾಡುತ್ತಾರೆಂದು ನೋಡಿ, ಒಬ್ಬ ರೋಗಿಗೆ ಒಂದು ನಿಮಿಷಕ್ಕಿಂತ ಕಡಿಮೆ ಸಾಕಾಗಬೇಕು ಎಂದು ಪಣ ತೊಟ್ಟು ಅದನ್ನು ಕಟ್ಟಿದರು. ಕೇಳುವ ಪ್ರಶ್ನೆಗಳು ಕಡಿಮೆ. ಭೇಟಿ ತಪ್ಪಿಸಿದವರ ಪಟ್ಟಿಯನ್ನು ನರ್ಸ್‌ಗೇ ಕೊಡುತ್ತದೆ, ಆಕೆ ಫೋನು ಮಾಡಲು. ಅಂಕಣ ಯಾರಿಗೆ ಕೆಲಸಕ್ಕೆ ಬರಬೇಕು ಎಂಬ ಪ್ರಶ್ನೆಗೆ ಮಿಷನ್ ಆಸ್ಪತ್ರೆ ಕೊಟ್ಟ ಉತ್ತರವನ್ನೇ ಇದೂ ಕೊಡುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ತೋಳಿಗೆ ಅಂಟಿಸುವ ನಾಣ್ಯದಗಲದ ಸೆನ್ಸರ್ ಹದಿನಾಲ್ಕು ದಿನ ಹಗಲು ರಾತ್ರಿ ಸಕ್ಕರೆಯನ್ನು ಬರೆದಿಡುತ್ತದೆ. ಬೆರಳು ಚುಚ್ಚಿ ದಿನಕ್ಕೆ ನಾಲ್ಕು ಅಂಕಿ ಬರೆಯುತ್ತಿದ್ದ ನರ್ಸ್‌ನ ಮುಂದೆ ಈಗ ನಿಲ್ಲದ ಗೆರೆ ಓಡುತ್ತದೆ. ನಡುರಾತ್ರಿ ಎರಡು ಗಂಟೆಗೆ ಸಕ್ಕರೆ ಕುಸಿದು, ಬೆಳಗಿನ ಹೊತ್ತಿಗೆ ತಾನಾಗಿ ಏರಿ, ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಹೆಚ್ಚಾಗಿ ಕಂಡು, ಇನ್ಸುಲಿನ್ ಇನ್ನಷ್ಟು ಏರಿಸಿಕೊಂಡವರ ಕಥೆ ಆ ಗೆರೆಯಲ್ಲಿ ಬಯಲಾಗುತ್ತದೆ. ಆದರೆ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ಬಿರುಸಾಗಿ ಇಳಿಯುವಾಗ ಅದು ಕೆಲವು ನಿಮಿಷ ಹಿಂದೆ ಬೀಳುತ್ತದೆ. ರೋಗಿ ಬೆವರುತ್ತಿದ್ದು ತೆರೆ ‘ಸರಿಯಿದೆ’ ಎಂದರೆ ಬೆರಳು ಚುಚ್ಚಿ ನೋಡಬೇಕು ಎಂದು ಕಲಿತ ನರ್ಸ್ ಮಂಚದ ಪಕ್ಕ ಇರಲೇಬೇಕು. ಸ್ಪಿರಿಟ್ ದೀಪದ ಕಾಲದ ಕಣ್ಣು ಇನ್ನೂ ಕೆಲಸದಲ್ಲಿದೆ.

ಲಕ್ಷ್ಮೀಪುರಂನವರಿಗೆ ಇದೆಲ್ಲ ದೂರದ ಮಾತಲ್ಲ. ಜೆಎಸ್‌ಎಸ್ ಆಸ್ಪತ್ರೆ ಅಗ್ರಹಾರದಲ್ಲೇ ಇದೆ, ಕೆ.ಆರ್. ಆಸ್ಪತ್ರೆ ಆಟೋ ದೂರದಲ್ಲಿದೆ. ಬಡವರ ಕೇರಿಗೆ ಸೇವೆ ತಲುಪಲಿ ಎಂದು ರಾಜ್ಯ ಸರ್ಕಾರ 2022ರ ಡಿಸೆಂಬರಿನಲ್ಲಿ ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳನ್ನು ಶುರು ಮಾಡಿತು. 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಯೋಜನೆ ಹೊರಟಿತು: ಸಕ್ಕರೆ, ರಕ್ತದೊತ್ತಡಗಳ ತಪಾಸಣೆಗೆ ಆರೋಗ್ಯ ಸಿಬ್ಬಂದಿಯೇ ಮನೆ ಬಾಗಿಲಿಗೆ ಹೋಗುವ ಏರ್ಪಾಡು.

ಮನೆ ಬಾಗಿಲಿಗೆ ಹೋಗುವವರ ದನಿಯೂ ಅದೇ ಹೊತ್ತಿಗೆ ಕೇಳಿಸಿತು. 2025ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 15,000 ರೂಪಾಯಿ ಖಚಿತ ಗೌರವಧನ ಅವರ ಮೊದಲ ಬೇಡಿಕೆ. ತಾಯಿ-ಮಗುವಿನ ಆರೋಗ್ಯದ ಆರ್‌ಸಿಎಚ್ ಪೋರ್ಟಲಿಗೆ ಪ್ರೋತ್ಸಾಹಧನವನ್ನು ತಗುಲಿಸಿರುವುದನ್ನು ಬಿಡಿಸಬೇಕು ಎಂಬುದು ಅದರ ಜೊತೆಗೇ ಬಂದ ಬೇಡಿಕೆ. ಕೆಲಸ ಮಾಡಿ ಮುಗಿಸಿದ್ದರೂ ಪೋರ್ಟಲಿನಲ್ಲಿ ಅಂಕಿ ಕೂಡದಿದ್ದರೆ ದುಡ್ಡು ಕೈಗೆ ಬರುವುದಿಲ್ಲ ಎಂಬುದು ಅವರು ವರ್ಷಗಳಿಂದ ಹೇಳುತ್ತ ಬಂದ ದೂರು. ಮುಖ್ಯಮಂತ್ರಿಗಳ ಜೊತೆ ಮಾತುಕತೆ ನಡೆದು, ಗೌರವಧನದ ಭರವಸೆ ಪಡೆದು ಅವರು ಊರಿಗೆ ಮರಳಿದರು. ಗೃಹ ಆರೋಗ್ಯದ ಗ್ಲೂಕೋಮೀಟರಿನ ಪಟ್ಟಿಗಳು ಹೊರಟಿರುವುದು ಅವರಿಗೆ ಚಿರಪರಿಚಿತವಾದ ಅದೇ ಬಾಗಿಲುಗಳಿಗೆ, ಅಲ್ಲಿ ಸಿಕ್ಕ ಅಂಕಿಗಳನ್ನು ತುಂಬಬೇಕಾದ ಹೊಸ ಅಂಕಣಗಳೊಂದಿಗೆ.